ಮಾಲಿನ್ಯದ ವೆಚ್ಚ ಯಾರ ಲೆಕ್ಕಕ್ಕೆ?

ಪರಿಸರಕ್ಕೆ ಉಂಟಾದ ಹಾನಿಯ ವೆಚ್ಚವನ್ನು ಆ ಹಾನಿಗೆ ಕಾರಣರಾದವರೇ ಭರಿಸತಕ್ಕದ್ದೆಂಬ ತತ್ತ್ವವು ಈ ದೇಶದ ಕಾನೂನಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1996ರ ಆಗಸ್ಟ್ 28ರಂದು ವೆಲ್ಲೂರು ಪ್ರಕರಣದಲ್ಲಿ ಸಾರಿತು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯ ನೀರು, ತಮಿಳುನಾಡಿನಲ್ಲಿ ಚರ್ಮ ಹದಗೊಳಿಸುವ ಕಾರ್ಖಾನೆಗಳ ತ್ಯಾಜ್ಯದಿಂದ ಕೆಟ್ಟಿತ್ತು. ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಭಾಗಶಃ ಇಲ್ಲವೆ ಪೂರ್ಣವಾಗಿ ನಿರುಪಯುಕ್ತವಾಗಿದ್ದುದು ತೀರ್ಪಿನಲ್ಲಿ ದಾಖಲಾಗಿದೆ. ಚರ್ಮೋದ್ಯಮವು ವಿದೇಶಿ ವಿನಿಮಯವನ್ನೂ ಉದ್ಯೋಗವನ್ನೂ ತರುತ್ತದೆಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಪರಿಸರವನ್ನು ನಾಶಪಡಿಸುವ ಹಕ್ಕು ಅದಕ್ಕಿಲ್ಲವೆಂದಿತು.

ಸಣ್ಣ ಉದ್ಯಮಿಗಳಿಗೆ ಈ ತೀರ್ಪಿನ ಎರಡು ಅಂಶಗಳು ಕಠೋರವೆನಿಸಬಹುದು. ಮೊದಲನೆಯದು, ಪ್ರತಿ ಕಾರ್ಖಾನೆಗೂ ಸಮನಾಗಿ ವಿಧಿಸಿದ 10,000 ರೂಪಾಯಿ ದಂಡ. ದೊಡ್ಡವರಿಗೆ ಹಗುರವೂ ಚಿಕ್ಕವರಿಗೆ ಭಾರವೂ ಆದ ಇಂಥ ಸಮಾನತೆಯನ್ನು ನ್ಯಾಯವೆನ್ನುವುದು ಕಷ್ಟ. ಸಂತ್ರಸ್ತರ ಪರಿಹಾರದ ಮೊತ್ತವನ್ನು ಮಾತ್ರ ಪ್ರತ್ಯೇಕ ಪ್ರಾಧಿಕಾರವೊಂದು ನಿರ್ಧರಿಸಬೇಕಾಗಿತ್ತು. ಎರಡನೆಯದು, ಇಂದು ಶುದ್ಧೀಕರಣ ಘಟಕ ಸ್ಥಾಪಿಸಿದವರೂ ಹಿಂದಿನ ಮಾಲಿನ್ಯಕ್ಕೆ ಹೊಣೆಯೆಂಬ ಆದೇಶ. ಇದನ್ನು ಖಾತೆಪುಸ್ತಕದ ದೃಷ್ಟಿಯಿಂದ ನೋಡುವುದು ಒಳಿತು. ಶುದ್ಧೀಕರಣಕ್ಕೆ ವ್ಯಯಿಸದೆ ಉಳಿಸಿದ ಹಣ ಆಯಾ ವರ್ಷಗಳಲ್ಲಿ ಕಾರ್ಖಾನೆಯ ಲಾಭಕ್ಕೆ ಜಮೆಯಾಯಿತು. ಖರ್ಚು ಬಿದ್ದದ್ದು ನೆರೆಯ ರೈತನ ಬಾವಿಯ ಲೆಕ್ಕಕ್ಕೆ. ಅದನ್ನು ತಡವಾಗಿಯಾದರೂ ಸರಿಯಾದ ಖಾತೆಗೆ ವರ್ಗಾಯಿಸುವುದನ್ನು ಅನ್ಯಾಯವೆನ್ನಲಾಗದು.

ಮತ್ತೊಬ್ಬನಿಗೂ ಇಲ್ಲಿ ನಷ್ಟವಿದೆ, ಅವನು ವ್ಯಾಪಾರಿಯೇ. ತ್ಯಾಜ್ಯನೀರನ್ನು ಶುದ್ಧೀಕರಿಸುವವನ ಉತ್ಪಾದನಾ ವೆಚ್ಚ ಸಹಜವಾಗಿ ಹೆಚ್ಚು. ಹಾಗೆಯೇ ಹಳ್ಳಕ್ಕೆ ಬಿಡುವವನು ಏನನ್ನೂ ತೆರಬೇಕಿಲ್ಲವಾದರೆ, ಮಾರುಕಟ್ಟೆಯಲ್ಲಿ ಸೋಲುವವನು ನಿಯಮ ಪಾಲಿಸಿದವನೇ.

ತತ್ತ್ವಕ್ಕಿಂತ ಅದರ ಜಾರಿಯಲ್ಲಿ ಅನ್ಯಾಯ ಹೆಚ್ಚು. ಪ್ರಾಧಿಕಾರವು 2001ರಲ್ಲಿ ವೆಲ್ಲೂರು ಜಿಲ್ಲೆಯ ಸುಮಾರು 29,000 ಸಂತ್ರಸ್ತರಿಗೆ ಸುಮಾರು 26.82 ಕೋಟಿ ರೂಪಾಯಿ ಪರಿಹಾರ ಗೊತ್ತುಪಡಿಸಿತು. ಸರಾಸರಿ ತಲಾ ಒಂಬತ್ತು ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಕೆಟ್ಟ ಜಮೀನಿಗೆ ಇದೆಷ್ಟು ಸಾಕಾದೀತು? ಅದೂ ಪೂರ್ಣವಾಗಿ ಸಂದಾಯವಾಗಲಿಲ್ಲ. ಸರ್ಕಾರವೇ ಮೊದಲು ಪರಿಹಾರ ನೀಡಿ ಬಳಿಕ ಮಾಲಿನ್ಯಕ್ಕೆ ಕಾರಣರಾದವರಿಂದ ವಸೂಲು ಮಾಡಬೇಕೆಂದು 2025ರ ಜನವರಿ 30ರಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಬೇಕಾಯಿತು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆ, 2010ರ 20ನೆಯ ಪ್ರಕರಣವು ಈ ತತ್ತ್ವದ ಅನ್ವಯವನ್ನು ಕಡ್ಡಾಯಗೊಳಿಸಿದೆ. ಮಾಲಿನ್ಯ ನಿಯಂತ್ರಣ ಮಂಡಳಿಗಳೂ ಪರಿಸರದ ಪುನಃಸ್ಥಾಪನೆಗಾಗಿ ಹಣ ವಿಧಿಸಬಹುದು, ಆದರೆ ಅದಕ್ಕೆ ಮೊದಲು ನಿಯಮಗಳು ರೂಪುಗೊಳ್ಳಬೇಕು ಎಂದು 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಲವು ಘಟಕಗಳ ನೀರು ಒಂದೇ ಕಾಲುವೆಗೆ ಸೇರುವ ಕೈಗಾರಿಕಾ ವಸಾಹತುಗಳಲ್ಲಿ ಇದು ವಿಶೇಷವಾಗಿ ಗಮನಾರ್ಹ. ತನ್ನಿಂದ ಹಾನಿಯಿಲ್ಲವೆಂದು ತೋರಿಸುವ ಭಾರವನ್ನು ವೆಲ್ಲೂರು ತೀರ್ಪು ಉದ್ಯಮಿಯ ಮೇಲೆಯೇ ಹೊರಿಸಿದೆ. ಬಳಸಿದ ನೀರು, ಹೊರಬಿಟ್ಟ ನೀರು ಹಾಗೂ ಪರೀಕ್ಷಾ ವರದಿಗಳ ದಿನವಹಿ ದಾಖಲೆಯಿಲ್ಲದ ಸಣ್ಣ ಘಟಕಕ್ಕೆ, ನೆರೆಯ ದೊಡ್ಡ ಘಟಕದ ಪಾಲಿನಿಂದ ತನ್ನ ಪಾಲನ್ನು ಬೇರ್ಪಡಿಸಿ ತೋರಿಸಲು ಬೇರೆ ಆಧಾರ ದೊರೆಯುವುದು ವಿರಳ.