ತೆರೆಯದ ಕಿಟಕಿ: ಡಿಬಗ್ಗರ್ ಮತ್ತು ಟರ್ಮಿನಲ್ಲಿನ ನಡುವಣ ತೊಡಕು

ಪ್ರೋಗ್ರಾಮಿನಲ್ಲಿರುವ ದೋಷವನ್ನು ಹುಡುಕಲೆಂದು ವಿದ್ಯಾರ್ಥಿಯು ಡಿಬಗ್ಗರನ್ನು ತೆರೆಯುತ್ತಾನೆ. ಓಡಿಸುವ ಗುಂಡಿಯನ್ನು ಒತ್ತಿದರೆ ಟರ್ಮಿನಲ್ ಕಿಟಕಿ ತೆರೆಯುವುದೇ ಇಲ್ಲ. ತೆರೆದರೂ ಬರಿದಾಗಿ ನಿಂತಿರುತ್ತದೆ. ಆಗ ಹಲವರು ಸರಿಯಾಗಿಯೇ ಇರುವ ಪ್ರೋಗ್ರಾಮನ್ನು ತಿದ್ದತೊಡಗುತ್ತಾರೆ. ಮೊದಲ ಸಾಲೇ ಇನ್ನೂ ಓಡಿರದ ಪ್ರೋಗ್ರಾಮಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಲಿನಕ್ಸ್ ಗಣಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಡಿಬಗ್ಗರ್ ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಇದನ್ನು ಬರೆದರು. ಡಿಡಿಡಿ, ಕೋಡ್‌ಬ್ಲಾಕ್ಸ್ ಮೊದಲಾದ ತಂತ್ರಾಂಶಗಳು ಇದಕ್ಕೆ ಚಿತ್ರರೂಪದ ಮುಖವನ್ನು ಒದಗಿಸುತ್ತವೆ. ಅವು ಎಕ್ಸ್‌ಟರ್ಮ್‌ನಂತಹ ಟರ್ಮಿನಲ್ಲೊಂದನ್ನು ತೆರೆದು, ಅದರ ಗುರುತನ್ನು ಜಿಡಿಬಿಗೆ ತಿಳಿಸುತ್ತವೆ. ಪ್ರೋಗ್ರಾಮ್ ಆ ಕಿಟಕಿಯಲ್ಲಿ ಓಡುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಹೊರಗೆ ಕಾಣುವ ಲಕ್ಷಣ ಒಂದೇ. ಆದುದರಿಂದ ಕೊಂಡಿಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬೇಕು.

ಮೊದಲು ಸಾಮಾನ್ಯ ಟರ್ಮಿನಲ್ಲಿನಲ್ಲಿ ಜಿಡಿಬಿಯನ್ನು ನೇರವಾಗಿ ತೆರೆದು ಪ್ರೋಗ್ರಾಮನ್ನು ಓಡಿಸಬೇಕು. ಓಡಿದರೆ ಅವೆರಡೂ ನಿರ್ದೋಷಿಗಳು. ಬಳಿಕ ಎಕ್ಸ್‌ಟರ್ಮ್ ಎಂದು ಟೈಪಿಸಬೇಕು. ಆಜ್ಞೆ ಸಿಗಲಿಲ್ಲವೆಂಬ ಉತ್ತರ ಬಂದರೆ ಅದನ್ನು ಅನುಸ್ಥಾಪಿಸಿದರಾಯಿತು. ಈಚಿನ ಹಲವು ಲಿನಕ್ಸ್ ವಿತರಣೆಗಳಲ್ಲಿ ಅದು ತಾನಾಗಿ ಬರುವುದಿಲ್ಲ. ಪರದೆಯನ್ನು ತೆರೆಯಲಾಗದು ಎಂಬ ಉತ್ತರ ಬಂದರೆ ‘ಡಿಸ್‌ಪ್ಲೇ’ ಎಂಬ ಪರಿಸರ ಚರಾಂಶವನ್ನು ನೋಡಬೇಕು. ಎಸ್‌ಎಸ್‌ಎಚ್ ಮೂಲಕ ದೂರದ ಗಣಕಕ್ಕೆ ಪ್ರವೇಶಿಸಿದಾಗ ಅದು ಬರಿದಾಗಿರುವುದು ಸಾಮಾನ್ಯ.

ಗ್ನೋಮ್ ಟರ್ಮಿನಲ್ಲಿನ ತೊಡಕು ಇನ್ನೂ ಸೂಕ್ಷ್ಮವಾದುದು. ಆ ಆಜ್ಞೆಯು ತಾನೇ ಕಿಟಕಿಯನ್ನು ತೆರೆಯುವುದಿಲ್ಲ. ಹಿನ್ನೆಲೆಯಲ್ಲಿರುವ ಸರ್ವರಿಗೆ ಕೆಲಸವನ್ನು ಒಪ್ಪಿಸಿ ಕೂಡಲೇ ಮುಗಿದುಹೋಗುತ್ತದೆ. ಕರೆದ ತಂತ್ರಾಂಶವಾದರೋ ಟರ್ಮಿನಲ್ ಮುಚ್ಚಿಹೋಯಿತೆಂದು ಭಾವಿಸಿ ಕೈಚೆಲ್ಲುತ್ತದೆ. ‘ವೇಟ್’ ಎಂಬ ಆಯ್ಕೆಯನ್ನು ಸೇರಿಸಿದರೆ ಆಜ್ಞೆ ಕಾಯುತ್ತದೆ. ಆದರೆ ಸೆಟ್ಟಿಂಗಿನಲ್ಲಿ ಎಕ್ಸ್‌ಟರ್ಮನ್ನೇ ಆರಿಸುವುದು ಹೆಚ್ಚು ನಿಶ್ಚಿಂತೆಯ ದಾರಿ.

ಇಷ್ಟಾದರೂ ಬಗೆಹರಿಯದಿದ್ದರೆ ಕಿಟಕಿಯನ್ನು ಕೈಯಾರೆ ಜೋಡಿಸಬಹುದು. ಹೊಸ ಟರ್ಮಿನಲ್ಲೊಂದನ್ನು ತೆರೆದು ‘ಟಿಟಿವೈ’ ಎಂಬ ಆಜ್ಞೆಯನ್ನು ಕೊಟ್ಟರೆ ಅದರ ಹೆಸರು ಮೂಡುತ್ತದೆ. (ಹಳೆಯ ಟೆಲಿಟೈಪ್ ಯಂತ್ರದ ಹೆಸರು ಈ ಮೂರಕ್ಷರಗಳಲ್ಲಿ ಉಳಿದುಕೊಂಡಿದೆ.) ಅದೇ ಕಿಟಕಿಯಲ್ಲಿ ‘ಸ್ಲೀಪ್ 100000’ ಎಂದು ಕೊಡಬೇಕು, ಇಲ್ಲವಾದರೆ ಅಲ್ಲಿರುವ ಶೆಲ್ಲೂ ಪ್ರೋಗ್ರಾಮೂ ಟೈಪಿಸಿದ ಅಕ್ಷರಗಳಿಗಾಗಿ ಕಿತ್ತಾಡುತ್ತವೆ. ತರುವಾಯ ಜಿಡಿಬಿಯಲ್ಲಿ ‘ಟಿಟಿವೈ’ ಎಂದು ಬರೆದು, ಮುಂದೆ ಆ ಹೆಸರನ್ನು ಸೇರಿಸಿ, ‘ರನ್’ ಎನ್ನಬೇಕು. ನಿಯಂತ್ರಕ ಟರ್ಮಿನಲ್ಲನ್ನು ಹೊಂದಿಸಲಾಗಲಿಲ್ಲ ಎಂಬ ಎಚ್ಚರಿಕೆ ಕಾಣಿಸಬಹುದು; ಬಹುಮಟ್ಟಿಗೆ ಅದು ನಿರುಪದ್ರವಿ.

ಕನ್ನಡದಲ್ಲಿ ಉತ್ತರ ಕೊಡುವ ಪ್ರೋಗ್ರಾಮುಗಳಿಗೆ ಮತ್ತೊಂದು ಅಡಚಣೆಯಿದೆ. ಎಕ್ಸ್‌ಟರ್ಮ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲಾರದು. ಭಾಷೆಯ ಹೊಂದಾಣಿಕೆ ಇಲ್ಲದ ಕಡೆ ಜಿಡಿಬಿಯು ‘ಕ’ ಅಕ್ಷರವನ್ನು 340, 262, 225 ಎಂಬ ಮೂರು ಅಷ್ಟಮಾನ ಸಂಖ್ಯೆಗಳಾಗಿ ತೋರಿಸುವುದುಂಟು. ಯುಟಿಎಫ್-8 ಸಂಕೇತದಲ್ಲಿ ‘ಕ’ಕಾರದ ರೂಪವೇ ಅದು. ಅಕ್ಷರ ಕೆಟ್ಟಿಲ್ಲ, ಪ್ರೋಗ್ರಾಮೂ ತಪ್ಪಿಲ್ಲ; ಉತ್ತರವನ್ನು ಕಡತವೊಂದಕ್ಕೆ ಬರೆಸಿ ಪಠ್ಯ ಸಂಪಾದಕದಲ್ಲಿ ತೆರೆದರೆ ಒತ್ತು, ಕೊಂಬುಗಳೆಲ್ಲ ಸ್ವಸ್ಥಾನದಲ್ಲಿ ಕಾಣಿಸುತ್ತವೆ.