ಗಾಯ ಮಾಯ್ದ ಮೇಲೆ ಶುರುವಾಗುವ ಕೆಲಸ

ತಲೆಗೆ ಪೆಟ್ಟು ಬಿದ್ದ ಮಕ್ಕಳನ್ನು ಶಸ್ತ್ರವೈದ್ಯರು ಉಳಿಸಿಕೊಟ್ಟ ಮೇಲೆ ಅವರಲ್ಲಿ ಕೆಲವರು ನನ್ನ ಕೋಣೆಗೆ ಬರುತ್ತಾರೆ, ಅದೂ ತಡವಾಗಿ. ಮಕ್ಕಳ ನೆನಪು, ಗಮನ, ವರ್ತನೆಗಳನ್ನು ಪರೀಕ್ಷಿಸಿ, ಮನೆಯವರ ಮತ್ತು ಶಾಲೆಯವರ ಜೊತೆ ಕೂತು ದಾರಿ ಹುಡುಕುವುದು ನನ್ನ ಕೆಲಸ. ತಂದೆತಾಯಿಗೂ ಮೇಷ್ಟ್ರುಗಳಿಗೂ ಗೊತ್ತಿರಲೇಬೇಕು ಅನ್ನಿಸಿದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಸ್ಕ್ಯಾನ್ ನಾರ್ಮಲ್ ಬಂದಿತೆಂದು ಮಗುವನ್ನು ಗಮನಿಸುವುದನ್ನು ಬಿಡಬೇಡಿ.

ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ, ಬಾವು, ಮೂಳೆಯ ಬಿರುಕುಗಳನ್ನು. ಜೀವ ಉಳಿಸಲು ಮೊದಲು ತಿಳಿಯಬೇಕಾದದ್ದು ಅದೇ. ತಲೆ ಜೋರಾಗಿ ಅಲುಗಿದಾಗ ಒಳಗಿನ ನರತಂತುಗಳು ಜಗ್ಗಿ ಹರಿಯುವುದು ಅದರಲ್ಲಿ ಬಹಳ ಸಲ ಕಾಣುವುದಿಲ್ಲ. ಹಣೆಯ ಹಿಂದಿರುವ ಮಿದುಳಿನ ಭಾಗವಂತೂ ತಲೆಬುರುಡೆಯ ತಳದ ಒರಟು ಮೂಳೆಗೆ ಉಜ್ಜಿ ಸುಲಭವಾಗಿ ಗಾಯಗೊಳ್ಳುತ್ತದೆ. ಸಿಟ್ಟು ತಡೆದುಕೊಳ್ಳುವುದು, ಸರದಿಗೆ ಕಾಯುವುದು, ಹಿಡಿದ ಕೆಲಸವನ್ನು ಮುಗಿಸುವುದು, ಎಲ್ಲದಕ್ಕೂ ಈ ಭಾಗ ಬೇಕು. ಹಾಗಾಗಿಯೇ ಕೈಕಾಲು, ಮಾತು ಎಲ್ಲ ಸರಿಯಿದ್ದರೂ ತಾಯಿ “ಇವನು ಮೊದಲಿನ ಹುಡುಗ ಅಲ್ಲ ಮೇಡಂ” ಎನ್ನುತ್ತಾರೆ. ಪರೀಕ್ಷೆಯ ಅಂಕಗಳಷ್ಟೇ ಮುಖ್ಯವೆಂದು ಆ ಮಾತನ್ನು ಬರೆದುಕೊಳ್ಳುತ್ತೇನೆ.

2. “ಚಿಕ್ಕ ಮಗು, ಬೇಗ ಸರಿಹೋಗುತ್ತೆ” ಎಂಬುದು ಅರ್ಧ ಸತ್ಯ.

ಈ ನಂಬಿಕೆಗೆ ಬಲ ಬಂದದ್ದು 1930ರ ದಶಕದಲ್ಲಿ ಅಮೆರಿಕದ ಯೇಲ್‌ನಲ್ಲಿ ಮಾರ್ಗರೆಟ್ ಕೆನಾರ್ಡ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ. ಚಲನೆಯನ್ನು ನಿಯಂತ್ರಿಸುವ ಭಾಗಕ್ಕೆ ಗಾಯವಾದಾಗ ದೊಡ್ಡ ಕೋತಿಗಳಿಗಿಂತ ಮರಿಗಳು ಚೆನ್ನಾಗಿ ಚೇತರಿಸಿಕೊಂಡವು. ಅದನ್ನೇ ಎಲ್ಲ ಬಗೆಯ ಗಾಯಕ್ಕೂ ಸೂತ್ರವೆಂಬಂತೆ ಮಾಡಿದವರು ನಂತರದವರು. ಕೆನಾರ್ಡ್ ಅಷ್ಟು ದೂರ ಹೋಗಿರಲಿಲ್ಲ. ಕೆನಡಾದ ಬ್ರಯಾನ್ ಕೋಲ್ಬ್ ಇಲಿಗಳಲ್ಲಿ ಕಂಡದ್ದು ಬೇರೆ: ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಗಾಯವಾದ ಮರಿಗಳ ಸ್ಥಿತಿ ಎರಡನೇ ವಾರದಲ್ಲಿ ಗಾಯವಾದವಕ್ಕಿಂತ ಕೆಟ್ಟದ್ದು. ಮೆಲ್ಬರ್ನ್‌ನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ವಿಕಿ ಆಂಡರ್ಸನ್ ಕೂಡ, ತೀವ್ರ ಪೆಟ್ಟಾದರೆ ಎಳೆಯ ಮಕ್ಕಳೇ ಹೆಚ್ಚು ಕಳೆದುಕೊಳ್ಳುತ್ತಾರೆ ಎಂದು ತೋರಿಸಿದರು.

ಕಾರಣ ಕಷ್ಟದ್ದೇನಲ್ಲ. ದೊಡ್ಡವರು ಕಲಿತದ್ದನ್ನು ಕಳೆದುಕೊಳ್ಳುತ್ತಾರೆ, ಮಗು ಇನ್ನು ಕಲಿಯಬೇಕಾದದ್ದನ್ನು. ಹಣೆಯ ಹಿಂದಿನ ಮಿದುಳು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ನಾಲ್ಕು ವರ್ಷದವನಿಂದ ಯಾರೂ ಸಂಯಮ ಕೇಳುವುದಿಲ್ಲ, ಆದ್ದರಿಂದ ಕೊರತೆಯೂ ಕಾಣುವುದಿಲ್ಲ. ನಮ್ಮಲ್ಲಿ ಅದು ಹೊರಬೀಳುವುದು ಎಂಟನೇ ತರಗತಿಯಲ್ಲಿ. ಹೊಸ ಹೈಸ್ಕೂಲು, ವಿಷಯಕ್ಕೊಬ್ಬ ಮೇಷ್ಟ್ರು, ತಾನೇ ನೆನಪಿಟ್ಟು ಮಾಡಬೇಕಾದ ಹೋಂವರ್ಕ್. ಅಷ್ಟು ಹೊತ್ತಿಗೆ ಚಿಕ್ಕಂದಿನಲ್ಲಿ ಮಹಡಿಯಿಂದ ಬಿದ್ದದ್ದು ಎಲ್ಲರಿಗೂ ಮರೆತಿರುತ್ತದೆ. ಹುಡುಗನಿಗೆ “ಸೋಮಾರಿ”, “ಕೊಬ್ಬು ಜಾಸ್ತಿ” ಎಂಬ ಹೆಸರು ಬಂದಿರುತ್ತದೆ.

3. ಪೆಟ್ಟಿಗೆ ಮುಂಚೆ ಮಗು ಹೇಗಿತ್ತು ಎಂದು ಕೇಳಿ.

ಈ ಪ್ರಶ್ನೆಯ ಬೆಲೆ ತಿಳಿಸಿದವರು ಲಂಡನ್ನಿನ ಮಕ್ಕಳ ಮನೋವೈದ್ಯ ಮೈಕೆಲ್ ರಟರ್. 1960ರ ದಶಕದಲ್ಲಿ ಐಲ್ ಆಫ್ ವೈಟ್ ದ್ವೀಪದಲ್ಲಿ ಅವರ ತಂಡ ನಡೆಸಿದ ಸಮೀಕ್ಷೆಯಲ್ಲಿ ಸಾಮಾನ್ಯ ಮಕ್ಕಳ ಪೈಕಿ ಮಾನಸಿಕ ತೊಂದರೆ ಕಂಡದ್ದು ನೂರಕ್ಕೆ ಸುಮಾರು 7 ಮಂದಿಯಲ್ಲಿ. ಮಿದುಳಿನ ಕಾಯಿಲೆ ಅಥವಾ ಫಿಟ್ಸ್ ಇದ್ದವರಲ್ಲಿ ಸುಮಾರು 34. ಆದರೆ ಪೆಟ್ಟೇ ಕಾರಣವೆಂದು ಹೇಳಲು ಅಷ್ಟು ಸಾಲದು. ಆಮೇಲೆ ಅವರ ತಂಡ ತಲೆಗೆ ಪೆಟ್ಟಾದ ಮಕ್ಕಳನ್ನು ಮೂಳೆ ಮುರಿದ ಮಕ್ಕಳ ಜೊತೆ ಹೋಲಿಸಿತು. ಫಲಿತಾಂಶ 1981ರಲ್ಲಿ ಹೊರಬಂತು. ಪೆಟ್ಟಿನ ನಂತರದ ಸಂಗತಿಗಳು ಒಂದು ವಾರಕ್ಕೂ ಮೀರಿ ನೆನಪಿನಲ್ಲಿ ನಿಲ್ಲದಿದ್ದ ಮಕ್ಕಳು ಮೊದಲು ಎಲ್ಲರಂತೆಯೇ ಇದ್ದರು, ಆಮೇಲೆ ಅವರಲ್ಲಿ ಹೊಸ ಮಾನಸಿಕ ತೊಂದರೆಗಳು ಎರಡು ಪಟ್ಟಿಗೂ ಹೆಚ್ಚಾದವು. ಸಣ್ಣ ಪೆಟ್ಟಿನವರಲ್ಲಿ ಅನೇಕರಿಗೆ ಮೊದಲಿನಿಂದಲೂ ತೊಂದರೆಯಿತ್ತು. ಓಡಾಟದ, ದುಡುಕಿನ ಮಕ್ಕಳು ಹೆಚ್ಚು ಬೀಳುತ್ತಾರೆ.

4. ಕಾಣದ ತೊಂದರೆಯನ್ನು ಮನೆಯವರ ಎದುರಿಗೇ ತೋರಿಸಿ.

ಆರನೇ ತರಗತಿಯ ಒಬ್ಬ ಹುಡುಗನ ತಂದೆ ಕುರಿ ಸಾಕುವವರು. “ಎಲ್ಲ ಗೊತ್ತು ಇವನಿಗೆ, ಬೇಕಂತಲೇ ಹೇಳಲ್ಲ” ಎನ್ನುತ್ತಿದ್ದರು. ನಾನು ಹುಡುಗನಿಗೆ ಹೇಳಿದೆ: “ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಪ್ರಾಣಿಗಳ ಹೆಸರು ಹೇಳು ಮರಿ.” ನಾಯಿ, ಬೆಕ್ಕು, ಹಸು, ಎಮ್ಮೆ, ಕುರಿ ಒಂದೇ ಉಸಿರಿಗೆ ಬಂದವು. ಆಮೇಲೆ ನಿಂತುಬಿಟ್ಟ. ಬೆರಳು ಮೇಜಿನ ಅಂಚನ್ನು ಸವರುತ್ತಿತ್ತು. “ನಾಯಿ” ಎಂದ. ಸ್ವಲ್ಪ ಹೊತ್ತು ಬಿಟ್ಟು “ಹಸು”. ನಿಮಿಷ ಮುಗಿಯಿತು. “ಬೆಳಗ್ಗೆ ಮೇಕೆ ಕಟ್ಟಿ ಬಂದೋನು ಮೇಡಂ, ಮೇಕೆ ಬಾಯಿಗೆ ಬರಲಿಲ್ಲವಲ್ಲ” ಎಂದರು ತಂದೆ. ಆಗ ಕೇಳಿದೆ: “ನಿಮ್ಮ ಕೊಟ್ಟಿಗೆಯಲ್ಲಿ ಏನೇನಿದೆ?” ಮೇಕೆ, ಕರು, ಹೋರಿ ತಕ್ಷಣ ಬಂದವು. “ಕಾಡಲ್ಲಿ?” ಚಿರತೆ, ನರಿ, ಕಾಡುಹಂದಿ.

ಹೆಸರುಗಳೆಲ್ಲ ತಲೆಯಲ್ಲಿ ಇದ್ದವು. ಹುಡುಕಿ ತೆಗೆಯುವ ಶಕ್ತಿ ಕೆಟ್ಟಿತ್ತು. ಶಾಲೆಗೆ ಬರೆದ ಪತ್ರ ಇದರಿಂದಲೇ ಹುಟ್ಟಿತು: ಉತ್ತರ ಬರದಿದ್ದರೆ ಒಂದು ಸುಳಿವು ಕೊಡಿ, ಒಂದು ಸಲಕ್ಕೆ ಒಂದೇ ಸೂಚನೆ ಹೇಳಿ, ಬೋರ್ಡಿನಿಂದ ಬರೆದುಕೊಳ್ಳುವುದನ್ನು ಅರ್ಧ ಮಾಡಿ, ಊಟದ ನಂತರ ಸುಸ್ತಾದರೆ ಸ್ವಲ್ಪ ಹೊತ್ತು ಬಿಡಿ. ನಮ್ಮ ಮಕ್ಕಳಿಗೆಂದೇ ನಿಮ್ಹಾನ್ಸ್‌ನಲ್ಲಿ 5ರಿಂದ 15 ವರ್ಷದವರ ಪರೀಕ್ಷಾಮಾಲೆ ರೂಪುಗೊಂಡಿರುವುದು ನಮ್ಮಂಥವರಿಗೆ ದೊಡ್ಡ ಆಸರೆ. ಬೇರೆ ದೇಶದ ಅಂಕಗಳಿಂದ ನಮ್ಮ ಮಗುವನ್ನು ಅಳೆಯುವ ಕಷ್ಟ ತಪ್ಪಿತು.

5. ಹಟ ಎನ್ನುವ ಮೊದಲು ಮಾತ್ರೆ ಡಬ್ಬಿ ನೋಡಿ.

ಪೆಟ್ಟಿನ ನಂತರ ಬರುವ ಫಿಟ್ಸ್‌ಗೆ ಕೊಡುವ ಲೆವೆಟಿರಸೆಟಮ್ ಕೆಲವು ಮಕ್ಕಳಲ್ಲಿ ವಿಪರೀತ ಸಿಡುಕು ತರುತ್ತದೆ, ಫೀನೋಬಾರ್ಬಿಟೋನ್ ಚಡಪಡಿಕೆ ತರುತ್ತದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಮರುಕಳಿಸಬಹುದು. ಬರೆದುಕೊಟ್ಟ ವೈದ್ಯರಿಗೆ ಹೇಳಿ, ಬದಲಿ ಔಷಧಿಗಳಿವೆ. ರಾತ್ರಿ ನಿದ್ದೆ ಹೇಗಿದೆ ಎಂದೂ ಹೇಳಿ.

6. ಸಣ್ಣ ಪೆಟ್ಟಿಗೆ ಹೆದರಬೇಡಿ.

ಆಡುವಾಗ ಬಿದ್ದು ತಲೆ ಸುತ್ತಿದ ಮಕ್ಕಳಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಪೂರ್ತಿ ಸರಿಹೋಗುತ್ತಾರೆ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನವಾಗಿ ಶಾಲೆ, ಕೊನೆಗೆ ಆಟ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದು ಬೇಡ.

7. ಮನೆಯೂ ಗಾಯಗೊಂಡಿರುತ್ತದೆ.

ಅಪಘಾತವಾದಾಗ ಬೈಕ್ ಓಡಿಸುತ್ತಿದ್ದವರು ಅಪ್ಪನೇ ಆಗಿದ್ದರೆ ಆ ಮನೆಯಲ್ಲಿ ಯಾರೂ ಮಗುವಿಗೆ “ಬೇಡ” ಎನ್ನುವುದಿಲ್ಲ. ಕೇಳಿದ್ದೆಲ್ಲ ಕೊಡುತ್ತಾರೆ, ಅಥವಾ ಗಂಡಹೆಂಡತಿ ದಿನವೂ ಜಗಳವಾಡುತ್ತಾರೆ. ಎರಡೂ ಮಗುವಿಗೆ ಕೆಡುಕೇ. ಅಮೆರಿಕದ ಜೆಫ್ರಿ ಮ್ಯಾಕ್ಸ್ ಅವರ ಅಧ್ಯಯನಗಳಲ್ಲಿ ತೀವ್ರ ಪೆಟ್ಟಾದ ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಹೊಸದಾಗಿ ಮಾನಸಿಕ ತೊಂದರೆ ಬಂದಿತ್ತು. ಮನೆಯ ಸ್ಥಿತಿಗತಿಗೂ ಅದಕ್ಕೂ ನಂಟಿತ್ತು. ಸಿನ್ಸಿನಾಟಿಯ ಶಾರಿ ವೇಡ್ ಇಡೀ ಕುಟುಂಬಕ್ಕೆ, ಇಂಟರ್ನೆಟ್ ಮೂಲಕವೂ, ಸಮಸ್ಯೆ ಬಿಡಿಸಿಕೊಳ್ಳುವ ತರಬೇತಿ ಕೊಟ್ಟು ಮಕ್ಕಳ ವರ್ತನೆ ಸುಧಾರಿಸುವುದನ್ನು ತೋರಿಸಿದ್ದಾರೆ. ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರನ್ನೂ ಕರೆಸಿ ಮಾತಾಡುವುದು ನನ್ನ ಪದ್ಧತಿ. ಹೆಲ್ಮೆಟ್ ಮಾತು ಎತ್ತುವುದೂ ಅಲ್ಲೇ. ನಾಲ್ಕು ವರ್ಷದೊಳಗಿನ ಮಗುವಿಗೂ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಬೆಲ್ಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2022ರಲ್ಲೇ ಪ್ರಕಟವಾಗಿದೆ. ಪೆಟ್ರೋಲ್ ಟ್ಯಾಂಕ್ ಮೇಲೆ ಬರಿದಲೆಯಲ್ಲಿ ಕೂರಿಸಿದ ಮಕ್ಕಳು ಇವತ್ತಿಗೂ ದಾರಿಯುದ್ದಕ್ಕೂ ಕಾಣುತ್ತಾರೆ.

8. ಕಾಗದಪತ್ರ ಕಾಪಾಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಿದುಳಿನ ಪೆಟ್ಟಿಗೆ ಪ್ರತ್ಯೇಕ ಹೆಸರಿಲ್ಲ. ಬುದ್ಧಿಶಕ್ತಿ, ಮಾನಸಿಕ ಕಾಯಿಲೆ, ಚಲನೆ, ಹೀಗೆ ಉಳಿದ ತೊಂದರೆಯ ಹೆಸರಿನಲ್ಲೇ ಪ್ರಮಾಣಪತ್ರ ಪಡೆಯಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳಲು ಅದು ಬೇಕು. ಅಪಘಾತದ ಪರಿಹಾರದ ಕೇಸನ್ನು ಅವಸರದಲ್ಲಿ ರಾಜಿ ಮಾಡಿಕೊಂಡರೆ ಮುಂದೆ ಹೊರಬೀಳುವ ಕೊರತೆಗೆ ಲೆಕ್ಕವೇ ಇರುವುದಿಲ್ಲ. 2007ರಲ್ಲಿ ಅಪಘಾತಕ್ಕೆ ಸಿಕ್ಕು ಮಿದುಳಿಗೆ ಪೆಟ್ಟಾದ 12 ವರ್ಷದ ಹುಡುಗಿಗೆ 2020ರಲ್ಲಿ ಸುಪ್ರೀಂ ಕೋರ್ಟ್ 62 ಲಕ್ಷ ರೂಪಾಯಿಗೂ ಮಿಕ್ಕಿ ಪರಿಹಾರ ಕೊಟ್ಟಿತು. ಜೀವನಪೂರ್ತಿ ನೋಡಿಕೊಳ್ಳುವವರ ಸಂಬಳವೂ ಅದರಲ್ಲಿ ಸೇರಿತ್ತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಗು ಎಷ್ಟು ಹೊತ್ತು ಎಚ್ಚರ ತಪ್ಪಿತ್ತು, ಎಚ್ಚರದ ಮಟ್ಟ ತೋರಿಸುವ ಗ್ಲಾಸ್ಗೋ ಅಂಕ ಎಷ್ಟಿತ್ತು ಎಂದು ಬರೆದಿದೆಯೇ ನೋಡಿ. ಬರೆದಿರದಿದ್ದರೆ ಮನೆಗೆ ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ. ಒಂದು ಜೆರಾಕ್ಸ್ ಶಾಲೆಯ ಫೈಲಿನಲ್ಲಿರಲಿ. ಟಿಸಿ ತೆಗೆದುಕೊಂಡು ಹೈಸ್ಕೂಲಿಗೆ ಸೇರಿಸುವ ದಿನ ಅದೂ ಜೊತೆಗೆ ಹೋಗಬೇಕು.