ತುಕ್ಕು ಆಮೇಲೆ, ನಂಬರ್ ಮೊದಲು

ಹಳೆಯ ಬ್ರಿಟಿಷ್ ಟ್ರಯಲ್ಸ್, ಸ್ಕ್ರಾಂಬಲ್ಸ್ ಬೈಕ್ ಕೊಳ್ಳುವುದು, ಕಾಪಾಡುವುದು ಹೇಗೆ?

ಬುಲೆಟ್ ಎಂದರೆ ನಮಗೆ ನೆನಪಾಗುವುದು ಊರ ಗೌಡರ ಗತ್ತು, ಪೊಲೀಸರ ಗಸ್ತು. ಅದರ ಹುಟ್ಟು ಮಾತ್ರ ಕೆಸರಿನಲ್ಲಿ. 1948ರಲ್ಲಿ ಇಂಗ್ಲೆಂಡಿನ ರೆಡಿಚ್‌ನಲ್ಲಿದ್ದ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯವರು ಹೊಸ 350 ಸಿಸಿ ಬುಲೆಟ್‌ನ ಮೊದಲ ಮಾದರಿಗಳನ್ನು ಜನರೆದುರು ತಂದದ್ದು ಕೋಲ್ಮೋರ್ ಕಪ್ ಎಂಬ ಟ್ರಯಲ್ಸ್ ಸ್ಪರ್ಧೆಯ ಜಾರುಗುಡ್ಡಗಳಲ್ಲಿ. ಆ ಬುಲೆಟ್ಟಿಗೆ ಇದ್ದಂತೆ ಹಿಂದಿನ ಚಕ್ರಕ್ಕೆ ಷಾಕ್ ಅಬ್ಸಾರ್ಬರ್ ಇದ್ದರೆ ನೆಲದ ಹಿಡಿತ ತಪ್ಪುತ್ತದೆ ಎಂದು ಹಳೇ ಸವಾರರು ನಂಬಿದ್ದ ಕಾಲ ಅದು. ಅದೇ ವರ್ಷ ಇಟಲಿಯ ಸಾನ್ ರೆಮೊದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆಯಲ್ಲಿ ಬುಲೆಟ್‌ಗಳು ಚಿನ್ನದ ಪದಕ ತಂದ ಮೇಲೆ ಆ ವಾದ ತಣ್ಣಗಾಯಿತು.

ಬರ್ಮಿಂಗ್‌ಹ್ಯಾಮಿನಲ್ಲಿ ಕೆಲವು ವರ್ಷ ಇದ್ದು ಬಂದವನು ನಾನು. ಅಲ್ಲಿ ಇನ್ನೂ ಇರುವ ಗೆಳೆಯನೊಬ್ಬ ಈಚೆಗೆ ಫೋನು ಮಾಡಿ, “ಒಂದು ಹಳೇ ಸ್ಕ್ರಾಂಬ್ಲರ್ ಸಿಗ್ತಾ ಇದೆ ಕಣೋ, ತಗೊಂಡುಬಿಡ್ಲಾ?” ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಟ್ರಯಲ್ಸೋ, ಸ್ಕ್ರಾಂಬಲ್ಸೋ?

ಮೊದಲು ಇದನ್ನು ತೀರ್ಮಾನಿಸಿ. ಟ್ರಯಲ್ಸ್ ಎಂದರೆ ಬಂಡೆ, ತೊರೆ, ಕೆಸರಿನ ಏರುಗಳಲ್ಲಿ ನಿಧಾನವಾಗಿ, ಕಾಲು ಊರದೆ ಸಾಗುವ ಆಟ. ಕಾಲು ನೆಲಕ್ಕೆ ತಾಗಿದರೆ ದಂಡದ ಅಂಕ. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ 1909ರಷ್ಟು ಹಳೆಯದು. ಸ್ಕ್ರಾಂಬಲ್ಸ್ ಮಾತ್ರ ನೇರ ಓಟ. 1924ರಲ್ಲಿ ಸರ್ರೆಯ ಕ್ಯಾಂಬರ್ಲಿಯಲ್ಲಿ ನಡೆದ ಓಟದಿಂದ ಈ ಹೆಸರು ಬಂತು. ಇಂದಿನ ಮೋಟೊಕ್ರಾಸ್ ಅದರದೇ ಸಂತಾನ.

ಕೊಳ್ಳುವವರಿಗೆ ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಟ್ರಯಲ್ಸ್ ಬೈಕು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕಿತ್ತು. ಹಾಗಾಗಿ ಅದಕ್ಕೆ ನಂಬರ್ ಪ್ಲೇಟು, ಲಾಗ್ ಬುಕ್ಕು ಇರುತ್ತಿದ್ದವು. ಸ್ಕ್ರಾಂಬ್ಲರನ್ನು ವ್ಯಾನಿನಲ್ಲಿ ಹೊತ್ತೊಯ್ಯುತ್ತಿದ್ದರು. ಎಷ್ಟೋ ಸ್ಕ್ರಾಂಬ್ಲರ್‌ಗಳು ಒಮ್ಮೆಯೂ ನೋಂದಣಿಯಾಗಲೇ ಇಲ್ಲ. ಕಾಗದವಿಲ್ಲದ ಸ್ಕ್ರಾಂಬ್ಲರ್ ಕಂಡರೆ ತಕ್ಷಣ ಕಳ್ಳಮಾಲು ಎನ್ನಬೇಡಿ. ಕಾಗದವಿಲ್ಲದ ಟ್ರಯಲ್ಸ್ ಬೈಕನ್ನು ಮಾತ್ರ ಎರಡು ಸಲ ನೋಡಿ.

ಯಾವುದನ್ನು ಕೊಳ್ಳಬಹುದು?

ಹೊಸಬರಿಗೆ ನನ್ನ ಸಲಹೆ 199 ಸಿಸಿಯ ಟ್ರಯಂಫ್ ಟೈಗರ್ ಕಬ್ ಅಥವಾ 250 ಸಿಸಿಯ ಬಿಎಸ್ಎ ಸಿ15. ಎರಡೂ ಹಗುರ, ಬಿಡಿಭಾಗ ಈಗಲೂ ಸಿಗುತ್ತವೆ. ಕಬ್‌ನ ಬಿಗ್ ಎಂಡ್ ಬೇರಿಂಗ್ ಸೂಕ್ಷ್ಮ. ಎಣ್ಣೆ ಬದಲಿಸಲು ಸೋಮಾರಿತನ ಮಾಡಿದರೆ ಅದು ಕ್ಷಮಿಸುವುದಿಲ್ಲ. ಟು ಸ್ಟ್ರೋಕ್ ಬೇಕೆನ್ನುವವರಿಗೆ ವಿಲಿಯರ್ಸ್ ಎಂಜಿನ್ನಿನ ಗಾಡಿಗಳಿವೆ: ಮ್ಯಾಂಚೆಸ್ಟರಿನ ಡಾಟ್, ಗ್ಲಾಸ್ಟರಿನ ಕಾಟನ್, ಕವೆಂಟ್ರಿಯ ಫ್ರಾನ್ಸಿಸ್-ಬಾರ್ನೆಟ್. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಎಸೆಕ್ಸ್‌ನ ಥಂಡರ್ಸ್‌ಲಿಯಲ್ಲಿ ತಯಾರಾಗುತ್ತಿದ್ದ ಗ್ರೀವ್ಸ್. ಅದರ ಫ್ರೇಮಿನ ಮುಂಭಾಗದಲ್ಲಿ ಕೊಳವೆಯ ಬದಲು ಎರಕ ಹೊಯ್ದ ಅಲ್ಯೂಮಿನಿಯಂ ಮಿಶ್ರಲೋಹದ ತೊಲೆ. ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ರಬ್ಬರು. ಅಂಗವಿಕಲರಿಗಾಗಿ ಗಾಡಿ ಮಾಡುತ್ತಿದ್ದ ಬರ್ಟ್ ಗ್ರೀವ್ಸ್ ಆ ಜಾಣ್ಮೆಯನ್ನೇ ಇಲ್ಲಿಗೂ ತಂದ. ಇದರ ಮೇಲೆ ಡೇವ್ ಬಿಕರ್ಸ್ 1960 ಮತ್ತು 1961ರಲ್ಲಿ 250 ಸಿಸಿಯ ಯುರೋಪಿಯನ್ ಚಾಂಪಿಯನ್ ಆದ.

ಜೇಬು ಭಾರವಿದ್ದವರ ದಾರಿ ಬೇರೆ. ಏರಿಯಲ್ ಎಚ್‌ಟಿ5, ಮ್ಯಾಚ್‌ಲೆಸ್ ಜಿ80ಸಿಎಸ್, ಬಿಎಸ್ಎ ಗೋಲ್ಡ್ ಸ್ಟಾರ್, ರಿಕ್‌ಮನ್ ಸಹೋದರರ ಮೆಟಿಸ್. ಜೆಫ್ ಸ್ಮಿತ್ 1964 ಮತ್ತು 1965ರಲ್ಲಿ 500 ಸಿಸಿ ವಿಶ್ವಚಾಂಪಿಯನ್ ಆದಾಗ ಓಡಿಸಿದ್ದು ಬಿಎಸ್ಎ ಸಿಂಗಲ್. ಅದರಿಂದ ಬಂದ 441 ಸಿಸಿಯ ವಿಕ್ಟರ್‌ಗೂ ಬೇಡಿಕೆ ಇದೆ. ಕೊಳ್ಳುವ ಮುನ್ನ ಅಸಲಿ ಹೇಗಿರುತ್ತದೆಂದು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕಿದ್ದರೆ ಹ್ಯಾಂಪ್‌ಷೈರಿನ ನ್ಯೂ ಮಿಲ್ಟನ್‌ನಲ್ಲಿರುವ ಸ್ಯಾಮಿ ಮಿಲ್ಲರ್ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಕೊಡಿ. ಎಚ್‌ಟಿ5ನ್ನು ದಂತಕಥೆ ಮಾಡಿದವನು ಆತನೇ.

ವೇಷ ಹಾಕಿದ ಗಾಡಿಗಳು

ಈ ಹವ್ಯಾಸದಲ್ಲಿ ಮೋಸ ಹೋಗುವುದು ತುಕ್ಕಿನಿಂದಲ್ಲ, ಹೊಳಪಿನಿಂದ. ರಸ್ತೆಯ ಸಿ15ಗೆ ಎತ್ತರದ ಸೈಲೆನ್ಸರ್, ಗುಂಡಿ ಟೈರು, ಚಿಕ್ಕ ಟ್ಯಾಂಕು ಹಾಕಿದರೆ ದೂರದಿಂದ ಅದು ಟ್ರಯಲ್ಸ್ ಮಾದರಿಯೇ. ಸಾದಾ ಬಿ33 ಗೋಲ್ಡ್ ಸ್ಟಾರ್ ಆಗುತ್ತದೆ. ಏರಿಯಲ್‌ನ ರಸ್ತೆ ಬೈಕು ಎಚ್‌ಟಿ5 ಆಗುತ್ತದೆ. 1965ಕ್ಕಿಂತ ಹಿಂದಿನ ಬೈಕುಗಳಿಗೆಂದೇ ಬ್ರಿಟನ್ನಿನಲ್ಲಿ ಪ್ರತ್ಯೇಕ ಸ್ಪರ್ಧೆಗಳಿವೆ. ಅವು ಈ ಗಾಡಿಗಳನ್ನು ಉಳಿಸಿದ್ದೂ ನಿಜ, ಗೆಲ್ಲುವ ಹಟದಲ್ಲಿ ಎಷ್ಟೋ ಅಸಲಿ ಫ್ರೇಮುಗಳು ಗರಗಸಕ್ಕೆ ಸಿಕ್ಕಿದ್ದೂ ನಿಜ.

ಆದ್ದರಿಂದ ಟಾರ್ಚು, ಹಳೇ ಹಲ್ಲುಜ್ಜುವ ಬ್ರಷ್ಷು, ಸೀಮೆಸುಣ್ಣ ಜೇಬಿನಲ್ಲಿಟ್ಟುಕೊಂಡು ಹೋಗಿ. ಎಂಜಿನ್ ನಂಬರನ್ನು ಬ್ರಷ್ಷಿನಿಂದ ಉಜ್ಜಿ, ಸುಣ್ಣ ತೀಡಿ ಓದಿ. ಸಂಖ್ಯೆಗಿಂತ ಅದರ ಮುಂದಿನ ಅಕ್ಷರಗಳೇ ಕಥೆ ಹೇಳುತ್ತವೆ. ಸಿ15ಟಿ ಎಂದಿದ್ದರೆ ಟ್ರಯಲ್ಸ್, ಸಿ15ಎಸ್ ಎಂದಿದ್ದರೆ ಸ್ಕ್ರಾಂಬಲ್ಸ್. ಯುದ್ಧಾನಂತರದ ಗೋಲ್ಡ್ ಸ್ಟಾರ್‌ನಲ್ಲಿ ಡಿಬಿಡಿ34ಜಿಎಸ್ ಎಂಬಂತೆ ಕೊನೆಗೆ ‘ಜಿಎಸ್’ ಬರಬೇಕು. ವಿಲಿಯರ್ಸ್ ಎಂಜಿನ್ನಿನ ನಂಬರಿನ ಆರಂಭದ ಗುರುತು ಅದು ಯಾವ ಮಾದರಿ, ಯಾವ ಕಂಪನಿಗೆ ಹೋದದ್ದು ಎಂದು ತಿಳಿಸುತ್ತದೆ. ಅಕ್ಷರಗಳ ಸಾಲು ಡೊಂಕಾಗಿದ್ದರೆ ಗಾಬರಿ ಬೇಡ, ಆಗ ಕೈಯಲ್ಲೇ ಹೊಡೆಯುತ್ತಿದ್ದರು. ಆದರೆ ಅಕ್ಷರಗಳ ಸುತ್ತ ಮಾತ್ರ ಲೋಹ ನುಣ್ಣಗಾಗಿ ತಗ್ಗಿದ್ದರೆ ಯಾರೋ ಅರ ಹಾಕಿ ಹೊಸದಾಗಿ ಕೊರೆದಿದ್ದಾರೆಂದೇ ಅರ್ಥ.

ಇನ್ನೊಂದು ತಪ್ಪು ಕಲ್ಪನೆ: ಎಂಜಿನ್ ನಂಬರು, ಫ್ರೇಮ್ ನಂಬರು ಒಂದೇ ಇರಬೇಕು ಎನ್ನುವುದು. ಗೋಲ್ಡ್ ಸ್ಟಾರ್‌ನಲ್ಲಿ ಕಾರ್ಖಾನೆಯಿಂದ ಬರುವಾಗಲೇ ಎರಡೂ ಬೇರೆ. ಯಾವ ಫ್ರೇಮಿಗೆ ಯಾವ ಎಂಜಿನ್ ಕೂರಿಸಿದರು ಎಂಬುದಿರುವುದು ಕಾರ್ಖಾನೆಯ ರವಾನೆ ಪುಸ್ತಕದಲ್ಲಿ. 1946ರಲ್ಲಿ ಶುರುವಾದ ವಿಂಟೇಜ್ ಮೋಟರ್ ಸೈಕಲ್ ಕ್ಲಬ್ಬು ಇಂಥ ಹಲವು ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ. ಹಣ ಕೊಡುವ ಮುನ್ನ ಅವರಿಗೋ ಆಯಾ ಮಾದರಿಯ ಮಾಲೀಕರ ಸಂಘಕ್ಕೋ ನಂಬರು ಕಳಿಸಿ ಕೇಳಿ. ಬ್ರಿಟನ್ನಿನ ವಿ5ಸಿ ಎಂಬ ನೋಂದಣಿ ಪತ್ರವನ್ನು ನಮ್ಮ ಆರ್.ಸಿ. ಇದ್ದಂತೆ ಅಂದುಕೊಳ್ಳಬೇಡಿ. ಅದು ಗಾಡಿ ಇಟ್ಟುಕೊಂಡವರ ಹೆಸರು ಹೇಳುತ್ತದೆ, ಒಡೆತನವನ್ನು ರುಜುವಾತು ಮಾಡುವುದಿಲ್ಲ. ಮಾರಿದವರಿಂದ ಸಹಿ ಮಾಡಿದ ರಸೀತಿ ಬೇಕೇ ಬೇಕು.

ಬಿಚ್ಚುವ ಮುನ್ನ ಕೈ ಕಟ್ಟಿ ಕೂರಿ

ಗಾಡಿ ಮನೆಗೆ ಬಂದ ದಿನವೇ ಪಾನಾ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಒಂದು ವಾರ ಸುಮ್ಮನೆ ನೋಡಿ. ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ: ಕೇಬಲ್ ಯಾವ ದಾರಿಯಲ್ಲಿ ಹೋಗಿದೆ, ಯಾವ ವಾಷರ್ ಎಲ್ಲಿದೆ, ಬಣ್ಣದ ಕೆಳಗೆ ಇನ್ಯಾವ ಬಣ್ಣ ಇಣುಕುತ್ತಿದೆ. ಸ್ಪರ್ಧೆಯ ದಿನ ಬಳಿದ ನಂಬರು, ಮಡ್‌ಗಾರ್ಡಿಗೆ ಸವಾರನೇ ಕೊರೆದ ತೂತು, ಕಾಲು ಉಜ್ಜಿ ಸವೆದ ಟ್ಯಾಂಕು, ಇವೆಲ್ಲ ಆ ಗಾಡಿಯ ಜಾತಕ. ಹೊಸ ಬಣ್ಣ ಬಳಿದರೆ ಅದು ಇನ್ನೊಮ್ಮೆ ಸಿಗುವುದಿಲ್ಲ.

ತುಕ್ಕು ಆಳಕ್ಕಿಳಿದು ಲೋಹ ತೆಳುವಾಗಿಲ್ಲದಿದ್ದರೆ ಮೇಲಿನ ಸಡಿಲ ಪುಡಿಯನ್ನಷ್ಟೇ ತೆಗೆದು, ಪೇಂಟ್ ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್ಸೀಡ್ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ ಹರಡಿ ಒಣಗಿಸಿ. ಕೊಬ್ಬರಿ ಎಣ್ಣೆ ಹಚ್ಚುವವರನ್ನೂ ಕಂಡಿದ್ದೇನೆ. ಅದು ಧೂಳಿಗೆ ಅಂಟು ಹಾಕಿಕೊಟ್ಟಂತೆ.

ಬಣ್ಣ ಬೇಕೇಬೇಕಾದರೆ ಪೌಡರ್ ಕೋಟಿಂಗ್‌ಗೆ ಮಾತ್ರ ನನ್ನ ವಿರೋಧವಿದೆ. ಆ ದಪ್ಪ ಪದರ ಫ್ರೇಮ್ ನಂಬರನ್ನು ನುಂಗುತ್ತದೆ. ಒಂದು ಕಡೆ ಚಕ್ಕೆ ಎದ್ದರೆ ಸಾಕು, ಒಳಗೆ ನೀರು ಸೇರಿ ತುಕ್ಕು ಗುಟ್ಟಾಗಿ ಹಬ್ಬುತ್ತದೆ. ರಿಕ್‌ಮನ್ ಫ್ರೇಮಂತೂ ತೆಳು ಗೋಡೆಯ ರೆನಾಲ್ಡ್ಸ್ 531 ಕೊಳವೆಯದು. ಕಂಚಿನಿಂದ ಬೆಸೆದು ನಿಕ್ಕಲ್ ಲೇಪಿಸಿದ್ದು. ಬಿರುಕು ಕಂಡರೆ ಬೀದಿ ಬದಿಯ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಕಬ್ ಒಂದರ ಕ್ರ್ಯಾಂಕ್ ಕೇಸನ್ನು ಚೊಕ್ಕಟ ಮಾಡಿಸಲೆಂದು ಒಂದು ವರ್ಕ್‌ಷಾಪಿಗೆ ಕೊಟ್ಟೆ. ಎಣ್ಣೆ ಹರಿಯುವ ತೂತುಗಳಿಗೆ ಬಿರಡೆ ಹಾಕದೆ ಮರಳು ಹೊಡೆದರು. ಬೆಳ್ಳಿಯಂತೆ ಹೊಳೆಯಿತು. ಜೋಡಿಸಿ ನಲವತ್ತು ಮೈಲಿ ಓಡಿಸುವಷ್ಟರಲ್ಲಿ ಒಳಗುಳಿದ ಮರಳು ಬಿಗ್ ಎಂಡನ್ನು ಅರೆದುಹಾಕಿತ್ತು. ಅಂದಿನಿಂದ ಸೀಮೆಎಣ್ಣೆ, ಬ್ರಷ್ಷು, ತಾಳ್ಮೆ, ಇಷ್ಟೇ ನನ್ನ ವಿಧಾನ.

ಹಳೇ ಬ್ರೇಕ್ ಲೈನರ್, ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುತ್ತದೆ. ಬಾಯಿಂದಲೋ ಏರ್ ಪೈಪಿನಿಂದಲೋ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಹದಿಮೂರರ ಪಾನಾ ಹೋಗದು, ಹದಿನಾಲ್ಕರದು ಜಾರುತ್ತದೆ

ಈ ಗಾಡಿಗಳಿಗೆ ಮಿಲಿಮೀಟರ್ ಲೆಕ್ಕವಿಲ್ಲ. ಇಂಗ್ಲಿಷ್ ಪಾನಾದ ಮೇಲೆ 1/4 ಡಬ್ಲ್ಯು (ವಿಟ್‌ವರ್ತ್) ಎಂದಿದ್ದರೆ ಅದು ಬೋಲ್ಟಿನ ಕಾಂಡದ ಅಳತೆ, ತಲೆಯದಲ್ಲ. ಆ ಪಾನಾದ ಬಾಯಿ ಸುಮಾರು 13.3 ಮಿ.ಮೀ. ಹದಿನಾಲ್ಕರ ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ವಿಟ್‌ವರ್ತ್ ಪಾನಾಗಳ ಒಂದು ಸೆಟ್ಟು ಗಾಡಿಗಿಂತ ಮೊದಲೇ ಕೊಳ್ಳಿ.

ಮರೆಯ (ತ್ರೆಡ್ಡಿನ) ಕಥೆ ಇನ್ನೂ ಸೂಕ್ಷ್ಮ. ಕಾಲು ಅಂಗುಲದ ಬಿಎಸ್‌ಎಫ್ ತ್ರೆಡ್ ಬೋಲ್ಟಿಗೂ ಕಾಲು ಅಂಗುಲದ ಸೈಕಲ್ ತ್ರೆಡ್ ಬೋಲ್ಟಿಗೂ ಅಂಗುಲಕ್ಕೆ 26 ಸುತ್ತುಗಳೇ. ಆದರೆ ಒಂದರ ಕೋನ 55 ಡಿಗ್ರಿ, ಇನ್ನೊಂದರದು 60. ಒಂದು ಇನ್ನೊಂದರೊಳಗೆ ಹೋಗುತ್ತದೆ, ಬಿಗಿಯೂ ಆಗುತ್ತದೆ, ಒಳಗಿನ ಅಲ್ಯೂಮಿನಿಯಂ ಹಲ್ಲುಗಳನ್ನು ಮಾತ್ರ ಕೆಡಿಸುತ್ತದೆ. ನಮ್ಮ ಹಳೇ ಬುಲೆಟ್ ಮೆಕ್ಯಾನಿಕ್‌ಗಳಿಗೆ ಇದು ಬೆರಳ ತುದಿಯ ಜ್ಞಾನ. ಬೋಲ್ಟು ಎರಡು ಸುತ್ತು ಹಾಕಿದ ಕೂಡಲೇ “ಇದು ಇದರದ್ದಲ್ಲ ಸಾರ್” ಎನ್ನುವವರಿಂದ ನಾನು ಕಲಿತಷ್ಟು ಯಾವ ಕೈಪಿಡಿಯಿಂದಲೂ ಕಲಿಯಲಿಲ್ಲ.

ಕಿಕ್ ಹೊಡೆಯುವ ಮುನ್ನ

ವರ್ಷಗಟ್ಟಲೆ ನಿಂತ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಟ್ಯಾಂಕಿನ ಎಂಜಿನ್ ಆಯಿಲ್ ಪಂಪನ್ನು ದಾಟಿ ಕೆಳಗಿಳಿದು ಕ್ರ್ಯಾಂಕ್ ಕೇಸ್ ತುಂಬಿರುತ್ತದೆ. ಅದನ್ನು ಬಸಿಯದೆ ಕಿಕ್ ಹೊಡೆದರೆ ಎಣ್ಣೆ ಎಲ್ಲ ಸೀಲುಗಳಿಂದ ಹೊರಗೆ. ಹಳೇ ಎಣ್ಣೆ ಬಸಿದು, ಪ್ಲಗ್ ತೆಗೆದು, ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ.

ಗಾಡಿ ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಮುನಿಸಿಕೊಂಡರೆ ಕಾರ್ಬ್ಯುರೇಟರನ್ನು ಬೈಯಬೇಡಿ. ಮ್ಯಾಗ್ನೆಟೊದ ಒಳಗಿನ ಕಂಡೆನ್ಸರ್ ಸತ್ತಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಕೊಳ್ಳುವಾಗಲೇ ಬಿಸಿ ಮಾಡಿ, ನಿಲ್ಲಿಸಿ, ಮತ್ತೆ ಕಿಕ್ ಹೊಡೆಯಿರಿ. ಅಮಾಲ್ ಕಾರ್ಬ್ಯುರೇಟರ್ ಸತುವಿನ ಮಿಶ್ರಲೋಹದ್ದು. ಅದರ ಎರಡು ನಟ್ಟುಗಳನ್ನು ಬಲ ಹಾಕಿ ಬಿಗಿದರೆ ಮುಖ ಬಾಗಿ ಒಳಗಿನ ಸ್ಲೈಡ್ ಸಿಕ್ಕಿಕೊಳ್ಳುತ್ತದೆ. ಕಾಡುಗುಡ್ಡದಲ್ಲಿ ಥ್ರಾಟಲ್ ತೆರೆದೇ ಉಳಿದರೆ ಏನಾದೀತೆಂದು ಊಹಿಸಿ.

ಈಗಿನ ದೊಡ್ಡ ಶತ್ರು ಪೆಟ್ರೋಲೇ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥೆನಾಲ್ ಇರುತ್ತದೆ. ನಮ್ಮಲ್ಲಿ ಶೇ 20ಕ್ಕೆ ಬಂದು ನಿಂತಿದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಸತುವನ್ನು ತಿನ್ನುತ್ತದೆ. ಅರವತ್ತರ ದಶಕದ ಫೈಬರ್ ಗ್ಲಾಸ್ ಟ್ಯಾಂಕಿನ ರಾಳವನ್ನು ಮೆದುಗೊಳಿಸುತ್ತದೆ, ಆ ಅಂಟು ಎಂಜಿನ್ನಿಗೆ ಇಳಿಯುತ್ತದೆ. ಫೈಬರ್ ಟ್ಯಾಂಕನ್ನು ಪ್ರದರ್ಶನಕ್ಕೆ ಮೀಸಲಿಟ್ಟು, ಓಡಿಸಲು ಅಲ್ಯೂಮಿನಿಯಂ ಟ್ಯಾಂಕು ಮಾಡಿಸಿಕೊಳ್ಳುವುದು ಲೇಸು. ಯಾವ ಟ್ಯಾಂಕೇ ಆದರೂ ವಾರಕ್ಕಿಂತ ಹೆಚ್ಚು ಕಾಲ ನಿಲ್ಲಿಸುವುದಿದ್ದರೆ ಪೆಟ್ರೋಲ್ ಬಸಿದುಬಿಡಿ.

ಮಳೆಗಾಲದ ಮಲಗುವಿಕೆ

ಇಂಗ್ಲೆಂಡಿನ ಚಳಿಗಾಲವಿರಲಿ, ಮಲೆನಾಡಿನ ಮಳೆಗಾಲವಿರಲಿ, ವೈರಿ ಒಂದೇ: ತೇವ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೇ ಬೆವರುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು. ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನನ್ನು ಕಂಪ್ರೆಷನ್ನಿನ ತುದಿಗೆ ತಂದು ನಿಲ್ಲಿಸಿ. ಕ್ಲಚ್ ಲಿವರನ್ನು ಒತ್ತಿ ಹಗ್ಗ ಕಟ್ಟಿದರೆ ಪ್ಲೇಟುಗಳು ಅಂಟಿಕೊಳ್ಳುವುದಿಲ್ಲ. ಚಕ್ರಗಳು ನೆಲ ಬಿಟ್ಟಿರಲಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಪ್ರೀತಿ ಬೇಡವೇ ಬೇಡ, ಅಷ್ಟರಲ್ಲಿ ಎಂಜಿನ್ ಬಿಸಿಯಾಗದೆ ಒಳಗೆ ನೀರು ಮಾತ್ರ ಕೂಡುತ್ತದೆ. ಓಡಿಸಿದರೆ ಹತ್ತು ಮೈಲಿ ಓಡಿಸಿ, ಇಲ್ಲವಾದರೆ ಮಲಗಲು ಬಿಡಿ.

ಇನ್ನು ನೋಂದಣಿಯ ಮಾತು. ನಮ್ಮಲ್ಲಿ 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರಗಳು. ದಿನನಿತ್ಯದ ಓಡಾಟಕ್ಕೆ ಅದು ನಡೆಯದು. ಹೊರದೇಶದಿಂದ ತರಿಸುವವರು ಹಡಗಿಗೆ ಹಾಕುವ ಮುನ್ನ ಆಮದು ನಿಯಮವನ್ನು ಕಸ್ಟಮ್ಸ್ ಏಜೆಂಟರ ಬಳಿ ಲಿಖಿತವಾಗಿ ಕೇಳಿ ಪಡೆಯಲಿ.

ಕೊನೆಗೆ ಒಂದು ಮನವಿ. ನಿಮ್ಮ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಸೌದೆಯ ಹಿಂದೆ ಯಾವುದಾದರೂ ಬಿಎಸ್ಎ, ಮ್ಯಾಚ್‌ಲೆಸ್, ಏರಿಯಲ್ ಒರಗಿ ನಿಂತಿದ್ದರೆ, ಗುಜರಿಯವನಿಗೆ ಫೋನು ಮಾಡುವ ಮುನ್ನ ಎಂಜಿನ್ ನಂಬರಿನ ಮೇಲೆ ಸೀಮೆಸುಣ್ಣ ತೀಡಿ ಒಂದು ಫೋಟೊ ತೆಗೆದಿಡಿ.